ಮೆಳ್ಳೆಗಣ್ಣಿನ ಹಡಗು

ಟಾಡ್‌ಮರ್ಡನ್, ಯಾರ್ಕ್‌ಶೈರ್
9 ಜನವರಿ 1984

ಪ್ರಿಯ ಮಿಸೆಸ್ ಲೀಸ್ಕ್,

ಪತ್ರ ಟೈಪ್ ಆಗಿದೆಯೆಂದು ಗಾಬರಿಯಾಗಬೇಡಿ, ನಾನೇನೂ ವಕೀಲರ ನೋಟಿಸು ಕಳಿಸುತ್ತಿಲ್ಲ. ಕಳೆದ ವರ್ಷ ನನ್ನ ಹಲ್ಲಿನ ದವಾಖಾನೆ ಮುಚ್ಚಿದೆನಲ್ಲ, ಅಲ್ಲಿದ್ದ ಟೈಪ್‌ರೈಟರ್ ಮನೆಗೆ ಬಂದು ಕೂತಿದೆ. ಮೂವತ್ತು ವರ್ಷ ಊರಿನವರ ಬಾಯಲ್ಲಿ ಕೈಯಾಡಿಸಿ ಬೇಸರ ಬಂದಿತ್ತು, ಅಷ್ಟೇ. ಈಗ ಪೆನ್ನು ಹಿಡಿಯುವುದಕ್ಕೂ ಬೇಸರ.

ವಿಷಯಕ್ಕೆ ಬರುತ್ತೇನೆ. ನೀವು ಶೆಟ್ಲೆಂಡ್ ದ್ವೀಪದಲ್ಲಿ, ನಾನು ಈ ಕಣಿವೆಯಲ್ಲಿ, ಪತ್ರಕ್ಕೊಂದು ನಡೆಯಂತೆ ಗ್ರೀಕರು ಪರ್ಶಿಯನ್ನರು ಅಂತ ಹಡಗಿನ ಕದನ ಆಡತೊಡಗಿ ಆರು ವರ್ಷವಾಯಿತು. ನೀವು ನನ್ನನ್ನು ನಾಲ್ಕು ಸಲ ಮುಳುಗಿಸಿದ್ದೀರಿ. ಐದನೆಯ ಸಲ ಮುಳುಗಿಸಿದ್ದು ಅಂಚೆಯವನು ಎಂದು ಈಗಲೂ ವಾದಿಸುತ್ತೇನೆ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಸೆಪ್ಟೆಂಬರ್ ಹದಿನೈದಕ್ಕೆ ನಮ್ಮೂರಿನ ಕದನದಾಟದ ಕ್ಲಬ್ಬಿನ ವಾರ್ಷಿಕ ಪ್ರದರ್ಶನ ಇದೆ. ಇಕ್ಕಟ್ಟಿನ ಕಡಲ ಕಾಲುವೆಯಲ್ಲಿ ಗ್ರೀಕರು ಪರ್ಶಿಯನ್ನರ ದಂಡನ್ನು ಮುರಿದ ಸಲಾಮಿಸ್ ಕದನವನ್ನೇ ಅಲ್ಲಿ ಎದುರೆದುರು ನಿಂತು ಆಡೋಣ. ಗ್ರೀಕರು ನನಗಿರಲಿ.

ಆದರೆ ಒಂದು ಷರತ್ತು. ನಮ್ಮಿಬ್ಬರ ಹತ್ತಿರವೂ ಇರುವುದು ಸಾವಿರದಿನ್ನೂರಕ್ಕೆ ಒಂದರ ಅಳತೆಯ ಸೀಸದ ಹಡಗುಗಳು. ಅಂದರೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ. ಅದು ಸಾಕಾಯಿತು. ಮುನ್ನೂರಕ್ಕೆ ಒಂದರ ಅಳತೆಯಲ್ಲಿ ಹಗುರವಾದ ಬಾಲ್ಸಾ ಮರದಿಂದ ನಾವೇ ಹೊಸದಾಗಿ ಮಾಡೋಣ. ಐದು ಅಂಗುಲದ ಹಡಗು! ಮೂರು ಸಾಲು ಹುಟ್ಟು ಮೂರೂ ಕಾಣಬೇಕು, ಗುದ್ದುವ ಕಂಚಿನ ಮೂತಿ ಮೂತಿಯ ಹಾಗೆ ಕಾಣಬೇಕು. ದೂರದಿಂದ ನೋಡಿದರೆ ಅಕ್ಕಿಯಲ್ಲಿನ ಹುಳದಂತಿರುವುದನ್ನು ಇನ್ನೆಷ್ಟು ದಿನ ಹಡಗು ಅನ್ನುವುದು? ಒಬ್ಬೊಬ್ಬರಿಗೆ ಇಪ್ಪತ್ತು ಇದ್ದರೆ ಸಾಕು.

ನಿಮ್ಮವ,
ಎನಾಕ್ ಮಿಜ್ಲಿ

*

ಸ್ಯಾಂಡ್‌ವಿಕ್, ಶೆಟ್ಲೆಂಡ್
22 ಜನವರಿ 1984

ಪ್ರಿಯ ಮಿ. ಮಿಜ್ಲಿ,

ಒಂದಂಗುಲದ ಹಡಗಿನ ಮೂತಿಗೆ ಒಂದೇ ಕೂದಲಿನ ಕುಂಚದಿಂದ ಕಣ್ಣು ಬರೆದು, ಅದಕ್ಕೆ ರೆಪ್ಪೆಯನ್ನೂ ಬರೆದು ನನಗೆ ಕಳಿಸಿ ಹೊಟ್ಟೆ ಉರಿಸಿದವರು ನೀವೇ ಅಲ್ಲವೇ? ಈಗ ಅದು ಅಕ್ಕಿಯ ಹುಳವಾಯಿತೇ! ವಯಸ್ಸಾದ ಮೇಲೆ ಗಂಡಸರಿಗೆ ದೊಡ್ಡ ಆಟಿಕೆ ಬೇಕಾಗುತ್ತದೆ ಎಂದು ಕೇಳಿದ್ದೆ, ಈಗ ನಂಬಿದೆ.

ಆದರೂ ಒಪ್ಪಿದೆ. ನಿಮ್ಮ ಪತ್ರ ಬಂದ ದಿನವೇ ಬಾಲ್ಸಾ ತರಿಸಿದೆ. ಮೀನಿನ ಕಾರ್ಖಾನೆಯಿಂದ ಬಂದ ಮೇಲೆ ದಿನಾ ಅಡುಗೆಮನೆಯ ಮೇಜಿನ ಮೇಲೆ ಕೆತ್ತುತ್ತಿದ್ದೇನೆ. ಇಡೀ ದಿನ ಹ್ಯಾಡಕ್ ಮೀನಿನ ಹೊಟ್ಟೆ ಸೀಳಿದ ಕೈಗೆ ಈ ಮರ ಬೆಣ್ಣೆ. ಹನ್ನೆರಡು ಒಡಲು ಆಗಿವೆ, ಕಿಟಕಿಯ ಕೆಳಗೆ ಸಾಲಾಗಿ ನಿಲ್ಲಿಸಿದ್ದೇನೆ. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿವೆ, ಬಂದುಹೋಗುವಾಗೆಲ್ಲ ನೋಡುತ್ತೇನೆ.

ನನ್ನ ಗಂಡ ಲೌರಿ ನೋಡಿ, "ಇದೇನೇ, ನಮಗೆ ಪೈಪೋಟಿನಾ?" ಅಂದ. ತಿಂಗಳ ಕೊನೆಯ ಮಂಗಳವಾರ ಲರ್ವಿಕ್‌ನಲ್ಲಿ ಅಪ್ ಹೆಲಿ ಆ ಹಬ್ಬ. ಊರ ಗಂಡಸರೆಲ್ಲ ವೈಕಿಂಗ್ ವೇಷ ಹಾಕಿ, ಚಳಿಗಾಲವಿಡೀ ಕೂತು ಕಟ್ಟಿದ ದೊಡ್ಡ ಹಡಗನ್ನು ಬೀದಿಯಲ್ಲಿ ಎಳೆದು ಪಂಜು ಎಸೆದು ಸುಟ್ಟು ಕುಣಿಯುತ್ತಾರೆ. ಹೆಂಗಸರಿಗೆ ಪಂಜು ಕೊಡುವುದಿಲ್ಲ. ಕುರಿಮಾಂಸದ ಸಾರು ಕಾಯಿಸುವ ಕೆಲಸ ಮಾತ್ರ ಧಾರಾಳವಾಗಿ ಕೊಡುತ್ತಾರೆ. ಮೂವತ್ತೊಂದಕ್ಕೆ ನಾನು ಪಾತ್ರೆಯ ಮುಂದೆ ಇರುತ್ತೇನೆ, ಫೆಬ್ರವರಿಯಲ್ಲಿ ಉಳಿದ ಎಂಟು ಹಡಗು ಮಾಡುತ್ತೇನೆ.

ಥೋರಾ ಲೀಸ್ಕ್

*

ಕ್ಯಾರವಾನ್ ಸಂಖ್ಯೆ 4, ಗ್ರಿಮಿಸ್ಟಾ, ಲರ್ವಿಕ್
14 ಫೆಬ್ರವರಿ 1984

ಪ್ರಿಯ ಮಿ. ಮಿಜ್ಲಿ,

ಯೋಚಿಸಿದೆ. ದೊಡ್ಡ ಹಡಗು ಬೇಡ. ಹಳೆಯ ಒಂದಂಗುಲದವೇ ಇರಲಿ.

ಕಾರಣಗಳು ಬೇಕಾದಷ್ಟಿವೆ. ಸಲಾಮಿಸ್ ಅಂದರೆ ಪರ್ಶಿಯನ್ನರ ಜನಜಂಗುಳಿ. ಇಪ್ಪತ್ತೇ ಹಡಗು ನಿಲ್ಲಿಸಿದರೆ ಅದು ದಂಡಯಾತ್ರೆಯಲ್ಲ, ಭಾನುವಾರದ ದೋಣಿವಿಹಾರ. ಸಣ್ಣವು ಬಿಸ್ಕತ್ತಿನ ಡಬ್ಬಿಯಲ್ಲಿ ಹಿಡಿಸುತ್ತವೆ, ಕಂಕುಳಲ್ಲಿಟ್ಟುಕೊಂಡು ಎಲ್ಲಿಗೆ ಬೇಕಾದರೂ ನಡೆದುಬಿಡಬಹುದು. ಸೀಸ ಗಟ್ಟಿ. ಬಾಲ್ಸಾ ಎಷ್ಟು ಬೇಗ ಉರಿಯುತ್ತದೆ ಎಂದು ನಿಮಗೆ ಗೊತ್ತೇ? ಕಾಗದಕ್ಕಿಂತ ಬೇಗ.

ಅಳತೆಯ ವಿಷಯದಲ್ಲಿ ನಾನು ಇನ್ನು ಬಗ್ಗುವುದಿಲ್ಲ. ಯಾವ ವಿಷಯದಲ್ಲೂ ಬಗ್ಗುವುದಿಲ್ಲ ಎಂದುಕೊಂಡಿದ್ದೇನೆ.

ಥೋರಾ ಲೀಸ್ಕ್

*

ಟಾಡ್‌ಮರ್ಡನ್
25 ಫೆಬ್ರವರಿ 1984

ಪ್ರಿಯ ಮಿಸೆಸ್ ಲೀಸ್ಕ್,

ನಿಮಗೂ ಕ್ರಾಬ್ಟ್ರೀಯ ಗಾಳಿ ಬಡಿಯಿತೇ? ರಾಡ್ನಿ ಕ್ರಾಬ್ಟ್ರೀ ಎಂದರೆ ಈಗ ನಮ್ಮ ಕ್ಲಬ್ಬಿನ ಅಧ್ಯಕ್ಷ. ಆತನ ಬಾಯಲ್ಲಿರುವ ಏಳು ಹಲ್ಲು ತುಂಬಿದವನು ನಾನು, ಆದರೆ ಮಾತು ತುಂಬಿದ್ದು ಯಾರೋ ತಿಳಿಯದು. ಹೋದ ಗುರುವಾರ ಹೊಸ ಕಟ್ಟಳೆ ತಂದ: ಒಂದು ಮೇಜು, ಒಂದು ಅಳತೆ. ಆ ಅಳತೆ ಸಾವಿರದಿನ್ನೂರಕ್ಕೆ ಒಂದು. ಈಗ ನಿಮ್ಮ ಪತ್ರವೂ ಅದನ್ನೇ ಹಾಡುತ್ತಿದೆ. ಬೆಂಕಿ ಗಿಂಕಿ ಅಂತ ತಮಾಷೆ ಬೇರೆ. ಮೇಜಿನ ಮೇಲೆ ಬೆಂಕಿ ಹಚ್ಚುವವರು ಯಾರಿದ್ದಾರೆ?

ನಮ್ಮ ಕ್ಲಬ್ಬಿನ ಇನ್ನೊಂದು ನಿಯಮ ನಿಮಗೆ ಗೊತ್ತಿರಲಿ, ಅದನ್ನು ಹತ್ತೊಂಬತ್ತು ವರ್ಷದ ಹಿಂದೆ ಬರೆದವನು ನಾನೇ. ಮುಟ್ಟಿದ ಹಡಗು ನಡೆಯಲೇಬೇಕು. ಕೈ ತಾಗಿತು ಅಂದರೆ ಮುಗಿಯಿತು, ಅದು ತನ್ನ ಉದ್ದದಷ್ಟಾದರೂ ಮುಂದೆ ಹೋಗಬೇಕು. ಕಡಲಲ್ಲಿ ಅಪ್ಪಣೆ ವಾಪಸು ತೆಗೆದುಕೊಳ್ಳಲಾಗುವುದಿಲ್ಲವಲ್ಲ. ಆ ಗುರುವಾರ ನನ್ನ ಅಂಗಿಯ ತೋಳು ತಗುಲಿ ಒಂದು ಸಾಲು ಸಣ್ಣ ಹಡಗು ಉರುಳಿದವು. ದೊಡ್ಡ ಸಂಗತಿಯೇನಲ್ಲ. ಕ್ರಾಬ್ಟ್ರೀ ಮಾತ್ರ ಎಲ್ಲರೆದುರು ನನ್ನ ಬೆನ್ನು ತಟ್ಟಿ, "ಇರ್ಲಿ ಬಿಡು ಎನಾಕ್, ನಿನಗೆ ಆ ನಿಯಮ ಬೇಡ. ನೀನು ಹೇಳು, ನಾವ್ಯಾರಾದ್ರೂ ಹಡಗು ಜರುಗಿಸ್ತೀವಿ. ಇಲ್ಲಾಂದ್ರೆ ಅಂಪೈರ್ ಆಗಿ ಆರಾಮಾಗಿ ಕೂತ್ಕೊ" ಅಂದ. ಆ ಮಾತು ಕೇಳಿ ಮೈ ಉರಿದುಹೋಯಿತು.

ಇದರೊಡನೆ ನನ್ನ ಮೊದಲ ದೊಡ್ಡ ಹಡಗನ್ನು ಮಾದರಿಗೆ ಕಳಿಸುತ್ತಿದ್ದೇನೆ. ಕೈಯಲ್ಲಿ ಹಿಡಿದು ನೋಡಿ. ಆಮೇಲೂ ಬೇಡ ಅನ್ನಿಸಿದರೆ ನಿಮ್ಮ ರುಚಿ ಕೆಟ್ಟಿದೆ ಎಂದು ತಿಳಿಯುತ್ತೇನೆ.

ಎನಾಕ್ ಮಿಜ್ಲಿ

*

ಕ್ಯಾರವಾನ್ ಸಂಖ್ಯೆ 4, ಗ್ರಿಮಿಸ್ಟಾ
8 ಮಾರ್ಚ್ 1984

ಪ್ರಿಯ ಮಿ. ಮಿಜ್ಲಿ,

ಪಾರ್ಸೆಲ್ ಸ್ಯಾಂಡ್‌ವಿಕ್‌ಗೆ ಹೋಗಿ ಸುತ್ತಿ ಬಳಸಿ ತಡವಾಗಿ ಸಿಕ್ಕಿತು. ಕ್ರಾಬ್ಟ್ರೀ ಯಾರೋ ನನಗೆ ಗೊತ್ತಿಲ್ಲ, ಅವನ ಗಾಳಿ ಇಲ್ಲಿಗೆ ಬೀಸಿದರೆ ನಮ್ಮ ಗಾಳಿ ಅವನನ್ನು ನಾರ್ವೆಗೆ ಒಯ್ದು ಬಿಡುತ್ತದೆ.

ಒಡಲು ಚೆನ್ನಾಗಿದೆ. ಹುಟ್ಟುಗಳಿಗೆ ಅಂಗಳದ ಪೊರಕೆಯ ಕಡ್ಡಿ ಹಾಕಿದ್ದು ಜಾಣತನ. ಆದರೆ ಕಣ್ಣು! ಹಡಗಿಗೆ ದಾರಿ ಕಾಣಲಿ ಅಂತ ತಾನೇ ಮೂತಿಗೆ ಕಣ್ಣು ಬರೆಯುವುದು? ಇದು ಒಂದು ಕಣ್ಣಲ್ಲಿ ಆಕಾಶ, ಒಂದು ಕಣ್ಣಲ್ಲಿ ತಳ ನೋಡುತ್ತಿದೆ. ಅಪ್ಪಟ ಮೆಳ್ಳೆಗಣ್ಣು! ಕುಡಿದು ಬರೆದಿರೋ, ಓಡುವ ಬಸ್ಸಿನಲ್ಲಿ ಕೂತು ಬರೆದಿರೋ? ನಿಮ್ಮ ಹಳೆಯ ರೆಪ್ಪೆಯ ಹಡಗನ್ನು ಇದರ ಪಕ್ಕ ಇಟ್ಟು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಈ ಚಳಿಗಾಲದಲ್ಲಿ ಮೊದಲ ಸಲ ನಕ್ಕೆ, ಅದಕ್ಕೆ ಋಣಿ.

ದೊಡ್ಡ ಅಳತೆ ಆರಿಸಿಕೊಂಡು ಅಡ್ಡಾದಿಡ್ಡಿ ಬಳಿಯುವುದಾದರೆ ದೊಡ್ಡದೇಕೆ? ನನ್ನ ಮಾತು ಅದೇ. ಒಂದಂಗುಲ.

ಥೋರಾ ಲೀಸ್ಕ್

*

ಗ್ರಿಮಿಸ್ಟಾ
20 ಏಪ್ರಿಲ್ 1984

ಪ್ರಿಯ ಮಿ. ಮಿಜ್ಲಿ,

ಆರು ವರ್ಷದಲ್ಲಿ ನೀವು ಇಷ್ಟು ದಿನ ಸುಮ್ಮನಿದ್ದದ್ದಿಲ್ಲ. ಬಿರುಗಾಳಿ ಇಲ್ಲ, ದೋಣಿ ಸರಿಯಾಗಿ ಬರುತ್ತಿದೆ. ಹಾಗಾದರೆ ನೀವು ಮುನಿಸಿಕೊಂಡಿದ್ದೀರಿ. ಮುನಿಸಾದರೆ ಬೈದು ಬರೆಯಿರಿ. ಸುಮ್ಮನಿದ್ದು ಶಿಕ್ಷೆ ಕೊಡುವವರನ್ನು ನಾನು ಮನೆಯಲ್ಲೇ ಬೇಕಾದಷ್ಟು ನೋಡಿದ್ದೇನೆ.

ಥೋರಾ ಲೀಸ್ಕ್

*

ಟಾಡ್‌ಮರ್ಡನ್
2 ಮೇ 1984

ಮಿಸೆಸ್ ಲೀಸ್ಕ್,

ಬೈದು ಬರೆಯಿರಿ ಎಂದಿದ್ದೀರಿ. ಸಂತೋಷ.

ಕುಡಿದಿರಲಿಲ್ಲ. ನನ್ನ ಕೈ ನಡುಗುತ್ತದೆ. ಎರಡು ವರ್ಷದಿಂದ ನಡುಗುತ್ತಿದೆ, ಇನ್ನು ಹೆಚ್ಚುತ್ತದೆ, ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ದವಾಖಾನೆ ಮುಚ್ಚಿದ್ದು ಬೇಸರದಿಂದಲ್ಲ. ನಡುಗುವ ಕೈಯಿಂದ ಯಾರ ಬಾಯಿಗೂ ಸೂಜಿ ಹಾಕಬಾರದು, ಅದಕ್ಕೆ ಮುಚ್ಚಿದೆ. ಆ ಗುರುವಾರ ಅಂಗಿಯ ತೋಳು ಯಾವುದಕ್ಕೂ ತಗುಲಲಿಲ್ಲ. ಆ ಕಣ್ಣು ಬರೆಯಲು ಇಡೀ ಮಧ್ಯಾಹ್ನ ಬೇಕಾಯಿತು, ಎಡಗೈಯಿಂದ ಬಲಗೈ ಹಿಡಿದುಕೊಂಡು ಬರೆದೆ. ಕಳಿಸುವಾಗ ಚೆನ್ನಾಗಿಯೇ ಬಂದಿದೆ ಎಂದುಕೊಂಡಿದ್ದೆ, ಅದೇ ನನಗೆ ನಾಚಿಕೆಯ ಸಂಗತಿ.

ಒಂದಂಗುಲದ ಹಡಗನ್ನು ನಾನು ಎತ್ತಲಾರೆ. ಒಂದನ್ನು ಎತ್ತಲು ಹೋದರೆ ನಾಲ್ಕನ್ನು ಮುಟ್ಟುತ್ತೇನೆ. ಐದಂಗುಲದ್ದಾದರೆ ತಳಹಲಗೆಗೆ ಸೀಸ ತುಂಬಿ, ಹಿಂದೊಂದು ಗೂಟ ನೆಟ್ಟು, ಮುಷ್ಟಿಯಲ್ಲಿ ಹಿಡಿದು ತಳ್ಳಬಲ್ಲೆ. ನಾನು ಕೇಳಿದ್ದು ಇಷ್ಟೇ. ನಿಯಮದಿಂದ ವಿನಾಯಿತಿ ಕೇಳಲಿಲ್ಲ, ನನ್ನ ಹಡಗನ್ನು ಇನ್ನೊಬ್ಬರು ತಳ್ಳಲಿ ಎನ್ನಲಿಲ್ಲ, ಅಂಪೈರ್ ಕುರ್ಚಿ ಕೇಳಲಿಲ್ಲ. ಎಲ್ಲರಿಗೂ ಇರುವ ನಿಯಮದ ಕೆಳಗೆ, ನನ್ನ ಹಡಗನ್ನು ನನ್ನ ಕೈಯಿಂದ ನಡೆಸಬೇಕು. ಆಗದಿದ್ದರೆ ಆಟವೇ ಬೇಡ. ಪಾಪ ಅನ್ನಿಸಿಕೊಂಡು ಗೆಲ್ಲುವುದಕ್ಕಿಂತ ಮನೆಯಲ್ಲಿ ಕೂತು ಗೋಡೆ ನೋಡುತ್ತೇನೆ.

ನಿಮಗೇನು, ಗಟ್ಟಿ ಕೈ ಇದೆ, ಅಗಲವಾದ ಅಡುಗೆಮನೆ ಮೇಜು ಇದೆ, ಮನೆ ತುಂಬ ಜಾಗ ಇದೆ. ಆದರೂ ಒಂದಂಗುಲಕ್ಕೇ ಹಠ. ಆ ಹಠ ಇಟ್ಟುಕೊಳ್ಳಿ. ಹಡಗನ್ನು ವಾಪಸು ಕಳಿಸಿ.

ಎ. ಮಿಜ್ಲಿ

*

ಕ್ಯಾರವಾನ್ ಸಂಖ್ಯೆ 4, ಗ್ರಿಮಿಸ್ಟಾ. ಮೇಲೆ ಬರೆದದ್ದನ್ನು ಈ ಸಲವಾದರೂ ಓದಿ.
13 ಮೇ 1984

ಮಿ. ಮಿಜ್ಲಿ,

ಹಡಗು ವಾಪಸು ಕಳಿಸುವುದಿಲ್ಲ.

ಫೆಬ್ರವರಿಯಿಂದ ಪತ್ರದ ತಲೆಯ ಮೇಲೆ ಕ್ಯಾರವಾನ್ ಎಂದು ಬರೆಯುತ್ತಿದ್ದೇನೆ, ನೀವು ಸ್ಯಾಂಡ್‌ವಿಕ್‌ಗೇ ಕಳಿಸುತ್ತಿದ್ದೀರಿ. ಅಂಚೆ ಕಚೇರಿಯಲ್ಲಿ ನನ್ನ ಚಿಕ್ಕಮ್ಮನ ಮಗ ಇರುವುದರಿಂದ ನಿಮ್ಮ ಬೈಗುಳ ಸರಿಯಾದ ಜಾಗಕ್ಕೆ ಬಂತು. ನಿಮ್ಮ ಕೈ ವಿಷಯ ನನಗೆ ಗೊತ್ತಾಗಲಿಲ್ಲ, ನನ್ನ ಮನೆ ವಿಷಯ ನಿಮಗೆ ಗೊತ್ತಾಗಲಿಲ್ಲ. ಕಡಲಿನ ನಕ್ಷೆಯಲ್ಲಿ ಕೂದಲೆಳೆ ಅಂತರ ಹಿಡಿಯುವವರು ನಾವಿಬ್ಬರು!

ಹಬ್ಬದ ಮರುದಿನ ಬೆಳಿಗ್ಗೆ ನಾನು ಲರ್ವಿಕ್‌ನ ಸಭಾಭವನದಲ್ಲಿ ಪಾತ್ರೆ ತೊಳೆದು ಮನೆಗೆ ಬಂದೆ. ಲೌರಿ ಮತ್ತು ಅವನ ತಂಡದವರು ವೇಷ ಕಳಚದೆ ಅಡುಗೆಮನೆಯಲ್ಲಿ ಕೂತಿದ್ದರು. ಕಿಟಕಿಯ ಕೆಳಗೆ ಖಾಲಿ. ನನ್ನ ಹನ್ನೆರಡು ಹಡಗನ್ನೂ ಅಂಗಳದಲ್ಲಿ ಸಾಲಾಗಿಟ್ಟು, ಸುತ್ತ ಕುಣಿದು, ಹಾಡು ಹೇಳಿ ಸುಟ್ಟಿದ್ದರು. ಹಬ್ಬದಲ್ಲಿ ಹಡಗು ಸುಡುವುದು ನಮ್ಮಲ್ಲಿ ಗೌರವವಂತೆ. ಲೌರಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಾ, "ಸಿಟ್ಟಾಗ್ಬೇಡ್ವೇ, ಎಷ್ಟು ಚೆನ್ನಾಗಿ ಉರಿದ್ವು ಗೊತ್ತಾ! ಕಡ್ಡಿ ಗೀರಿದ್ದೇ ತಡ, ಭುಸ್! ಇನ್ನೊಂದು ಡಜನ್ ಮಾಡು, ಮುಂದಿನ ವರ್ಷಕ್ಕಾಯ್ತು" ಅಂದ. ಅವರಲ್ಲೊಬ್ಬ, "ಅಕ್ಕಾ, ನಿನ್ನ ಹಡಗಿಗೂ ಹಬ್ಬದ ಮರ್ಯಾದೆ ಸಿಕ್ತು" ಅಂದ.

"ಯಾರನ್ನ ಕೇಳಿ ಸುಟ್ರಿ?" ಅಂದೆ.

"ಅಯ್ಯೋ, ಮರದ ಚಕ್ಕೆಗೆ ಕೇಳೋದೇನು?" ಅಂದ ಲೌರಿ.

ಹದಿನೆಂಟು ವರ್ಷದಲ್ಲಿ ಅವನು ನನ್ನ ಮೇಲೆ ಕೈ ಮಾಡಿದವನಲ್ಲ. ಆದರೆ ನನ್ನದು ಅಂತ ಆ ಮನೆಯಲ್ಲಿ ಏನಾದರೂ ಇದೆ ಎಂದು ಅವನಿಗೆ ಒಂದು ದಿನವೂ ತೋಚಿದ್ದಿಲ್ಲ. ಸೀಸದ ಹಡಗಿನ ಬಿಸ್ಕತ್ತಿನ ಡಬ್ಬಿ ಮೇಲಟ್ಟದಲ್ಲಿತ್ತು, ಅದು ಉಳಿದಿತ್ತು. ಅದನ್ನೂ ಬಟ್ಟೆಯ ಚೀಲವನ್ನೂ ತೆಗೆದುಕೊಂಡು ಮಧ್ಯಾಹ್ನದ ಬಸ್ಸು ಹತ್ತಿದೆ. ಇಡೀ ಊರು, "ಒಂದು ಆಟಿಕೆಗೋಸ್ಕರ ಮನೆ ಬಿಟ್ಟಳಂತೆ" ಅನ್ನುತ್ತಿದೆ. ಹೌದು, ಬಿಟ್ಟೆ. ವಾಪಸು ಹೋಗುವುದಿಲ್ಲ.

ಈ ಕ್ಯಾರವಾನ್ ಗಾಲಿಯ ಮೇಲಿನ ಗೂಡು, ಮೇಜು ಗೋಡೆಗೆ ಮಡಚುವಂಥದ್ದು. ಬಿಚ್ಚಿದರೆ ಬಾಗಿಲು ತೆರೆಯುವುದಿಲ್ಲ. ನಿಮ್ಮ ಮೆಳ್ಳೆಗಣ್ಣಿನ ಹಡಗೊಂದಕ್ಕೇ ಜಾಗವಿಲ್ಲದೆ ಅದು ಒಲೆಯ ಮೇಲಿನ ಹಲಗೆಯಲ್ಲಿ, ಉಪ್ಪಿನ ಪಕ್ಕದಲ್ಲಿದೆ. ಇಲ್ಲಿ ಇಪ್ಪತ್ತು ದೊಡ್ಡ ಹಡಗು ಮಾಡುವುದಾದರೆ ನಾನು ಹೊರಗೆ ಮಲಗಬೇಕು.

ಈಗ ಅಳುವುದು ಸಾಕು, ಲೆಕ್ಕ ನೋಡೋಣ. ನಮ್ಮ ಆಟದಲ್ಲಿ ದೂರ ಅಳೆಯುವುದು ಎಲ್ಲಿಂದ? ಹಡಗಿನಿಂದಲ್ಲ, ಅದರ ಕೆಳಗಿನ ತಳಹಲಗೆಯಿಂದ. ಗುದ್ದುವುದು ತಳಹಲಗೆಯ ಮುಂದಿನ ಅಂಚು, ಗುದ್ದಿಸಿಕೊಳ್ಳುವುದು ಪಕ್ಕದ ಅಂಚು. ಹಲಗೆಯ ಮೇಲೆ ಹಡಗಿದ್ದರೇನು, ಬೇಯಿಸಿದ ಆಲೂಗಡ್ಡೆ ಇದ್ದರೇನು? ನಿಮ್ಮ ಹಲಗೆಯ ಅಳತೆ ಕಳಿಸಿ. ಅದೇ ಅಳತೆಯ ಇಪ್ಪತ್ತು ಹಲಗೆ ನಾನೂ ಕೊಯ್ಯುತ್ತೇನೆ. ನಿಮ್ಮದರ ಮೇಲೆ ಒಂದು ದೊಡ್ಡ ಗ್ರೀಕ್ ಹಡಗು, ನನ್ನದರ ಮೇಲೆ ಆರು ಸಣ್ಣ ಪರ್ಶಿಯನ್ ಹಡಗು. ಎರಡೂ ಆಟದ ಲೆಕ್ಕಕ್ಕೆ ಒಂದೇ. ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟು, ಪ್ರದರ್ಶನಕ್ಕೆ ಬಂದ ಮೇಲೆ ಹಡಗು ಅಂಟಿಸುತ್ತೇನೆ.

ಕಣ್ಣಿನ ವಿಷಯ. ಆ ಮಾತು ನೋಯಿಸಿತು, ಗೊತ್ತಾಯಿತು. ಆದರೂ ಅದು ಮೆಳ್ಳೆಗಣ್ಣೇ. ನಿಮಗೆ ಸುಳ್ಳು ಬೇಕಿದ್ದರೆ ಕ್ರಾಬ್ಟ್ರೀ ಇದ್ದಾನೆ.

ಥೋರಾ

*

ಟಾಡ್‌ಮರ್ಡನ್
26 ಮೇ 1984

ಪ್ರಿಯ ಥೋರಾ,

ವಿಳಾಸ ಓದಿದೆ. ನಾಲ್ಕು ಸಲ ಓದಿದೆ. ನಿಮ್ಮ ಬೆಂಕಿಯ ಮಾತನ್ನು ತಮಾಷೆ ಎಂದುಕೊಂಡ ನನ್ನ ತಲೆಗೆ ಏನು ಹೇಳಲಿ. ಲೌರಿಯ ಹಲ್ಲುಗಳು ನನ್ನ ಕುರ್ಚಿಗೆ ಬರಲಿಲ್ಲವಲ್ಲ ಎಂದು ಇವತ್ತು ಮೊದಲ ಸಲ ದವಾಖಾನೆ ಮುಚ್ಚಿದ್ದಕ್ಕೆ ಬೇಜಾರಾಯಿತು.

ಹಲಗೆ ಆರು ಅಂಗುಲ ಉದ್ದ, ಎರಡಂಗುಲ ಅಗಲ. ನಿಮ್ಮ ಉಪಾಯ ಓದಿ ಒಬ್ಬನೇ ಚಪ್ಪಾಳೆ ತಟ್ಟಿದೆ, ನನ್ನ ಕೈಗೆ ಅದು ಈಗ ಸಲೀಸು.

ಕ್ರಾಬ್ಟ್ರೀಗೆ ಹೇಳಿದೆ. ಅವನ ಮುಖ ನೋಡಬೇಕಿತ್ತು. "ಒಂದೇ ಮೇಜಿನ ಮೇಲೆ ಎರಡು ಅಳತೆನಾ? ನೋಡಿದವರು ನಗ್ತಾರೆ ಎನಾಕ್. ಮೊಸಳೆ ಜೊತೆ ಹಲ್ಲಿ ಯುದ್ಧ ಮಾಡಿದ ಹಾಗಿರುತ್ತೆ."

"ನಗ್ಲಿ. ಟಿಕೆಟ್ ತಗೊಂಡು ಬಂದಿರ್ತಾರಲ್ಲ."

"ನಾನು ನಿನ್ನ ಒಳ್ಳೇದಕ್ಕೆ ಹೇಳ್ತಿರೋದು. ಯಾರೋ ಹೊರಗಿನ ಹೆಂಗಸಿನ ಎದುರು ನಿನ್ನ ಕೈ ನೋಡಿ ಜನ ಏನಂದಾರು?"

"ಅವಳು ಆಗ್ಲೇ ಅಂದಾಗಿದೆ. ನೀನು ಎರಡು ವರ್ಷದಿಂದ ಹೇಳೋಕಾಗದೆ ನುಂಗ್ಕೊಂಡಿದ್ದನ್ನ ಅವಳು ಒಂದೇ ಸಾಲಲ್ಲಿ ಹೇಳಿದ್ಲು. ಈಗ ಹೇಳು, ಮೇಜು ಕೊಡ್ತೀಯೋ ಇಲ್ವೋ?"

ಕೊಟ್ಟ. ಭಿತ್ತಿಪತ್ರದಲ್ಲಿ ನಮ್ಮ ಹೆಸರಿಲ್ಲ, ಬಹುಮಾನದ ಲೆಕ್ಕದಲ್ಲಿ ನಮ್ಮ ಆಟವಿಲ್ಲ, ಚಹಾ ಕೊಡುವ ಕಿಂಡಿಯ ಪಕ್ಕ ಗಾಳಿ ಹೊಡೆಯುವ ಮೂಲೆಯಲ್ಲಿ ಮೇಜು. ಒಳ್ಳೆಯದೇ ಆಯಿತು, ಬಿಸಿ ಚಹಾ ಮೊದಲು ನಮಗೆ ಸಿಗುತ್ತದೆ.

ಮೆಳ್ಳೆಗಣ್ಣಿನದನ್ನು ಮರೆಯದೆ ತನ್ನಿ. ನಾನು ಹತ್ತೊಂಬತ್ತೇ ಮಾಡುತ್ತೇನೆ, ಅದು ಇಪ್ಪತ್ತನೆಯದು. ಕಣ್ಣು ತಿದ್ದಬೇಡಿ.

ಎನಾಕ್

*

ಗ್ರಿಮಿಸ್ಟಾ
24 ಸೆಪ್ಟೆಂಬರ್ 1984

ಪ್ರಿಯ ಎನಾಕ್,

ಸುರಕ್ಷಿತವಾಗಿ ಬಂದು ಸೇರಿದೆ. ದೋಣಿಯಲ್ಲಿ ಎಲ್ಲರೂ ವಾಂತಿ ಮಾಡಿಕೊಂಡರು, ನಾನು ನೀವು ಕಟ್ಟಿಕೊಟ್ಟ ಶುಂಠಿ ಕೇಕ್ ತಿನ್ನುತ್ತ ಕೂತಿದ್ದೆ.

ಮೊನ್ನೆ ಕ್ರಾಬ್ಟ್ರೀಯ ಪತ್ರ ಬಂತು. ಕ್ಲಬ್ಬಿನ ಪತ್ರಿಕೆಯಲ್ಲಿ ನಮ್ಮ ಕದನವನ್ನು "ಸ್ನೇಹದ ಪ್ರದರ್ಶನ, ಫಲಿತಾಂಶ ಸಮ" ಎಂದು ಹಾಕುತ್ತಾನಂತೆ, ಅದೇ ಎಲ್ಲರಿಗೂ ಶೋಭೆಯಂತೆ. ಯಾರಿಗೆ ಶೋಭೆ? ನಿಮ್ಮ ಕ್ಲಬ್ಬಿನ ಇನ್ನೊಂದು ನಿಯಮದ ಪ್ರಕಾರ ಇಬ್ಬರೂ ಸಹಿ ಹಾಕಿದ ವರದಿ ಬಂದರೆ ಅದನ್ನೇ ಅಚ್ಚು ಹಾಕಬೇಕಲ್ಲವೇ? ಬರೆದಿದ್ದೇನೆ, ಕೆಳಗಿದೆ. ತಪ್ಪಿದ್ದರೆ ತಿದ್ದಿ. ಸರಿಯಿದ್ದರೆ ಸೋತವರು ಸಹಿ ಹಾಕಬೇಕು.

"ಸಲಾಮಿಸ್. ಗ್ರೀಕರು: ಎನಾಕ್ ಮಿಜ್ಲಿ, ದೊಡ್ಡ ಹಡಗು ಇಪ್ಪತ್ತು. ಪರ್ಶಿಯನ್ನರು: ಥೋರಾ ಲೀಸ್ಕ್, ಸಣ್ಣ ಹಡಗಿನ ಹಲಗೆ ಇಪ್ಪತ್ತು. ಶುರುವಿನಲ್ಲಿ ನೋಡುವವರು ಮೂರು ಜನ, ಅವರಲ್ಲಿ ಇಬ್ಬರು ಚಹಾಕ್ಕೆ ಬಂದವರು. ಮಧ್ಯಾಹ್ನದ ಹೊತ್ತಿಗೆ ಬೇರೆ ಮೇಜುಗಳವರೂ ತಮ್ಮ ಆಟ ಬಿಟ್ಟು ಬಂದಿದ್ದರು.

"ಮಿಜ್ಲಿ ಕಾಲುವೆಗೆ ಅಡ್ಡಲಾಗಿ ಹಡಗುಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿದ್ದರು. ನುಗ್ಗಲು ಸಂದಿ ಇರಲಿಲ್ಲ. ಲೀಸ್ಕ್ ನಾಲ್ಕು ಸಲ ನುಗ್ಗಿ ಆರು ಹಲಗೆ ಕಳೆದುಕೊಂಡರು. ಮಿಜ್ಲಿ ಎಲ್ಲ ಹಡಗನ್ನೂ ಸ್ವಂತ ಕೈಯಿಂದ ನಡೆಸಿದರು. ಇನ್ನೆರಡು ಸರದಿ ಹಾಗೇ ನಿಂತಿದ್ದರೆ ಗೆದ್ದಿರುತ್ತಿದ್ದರು.

"ಹನ್ನೊಂದನೆಯ ಸರದಿಯಲ್ಲಿ ಮಿಜ್ಲಿ ಬಲತುದಿಯ ಹಡಗಿನ ಗೂಟ ಹಿಡಿಯಲು ಹೋದಾಗ ಅವರ ಕೈ ಪಕ್ಕದ ಹಡಗಿಗೆ ತಾಗಿತು. ಅದು ಮೆಳ್ಳೆಗಣ್ಣಿನ ಹಡಗು. ಎಲ್ಲರೂ ನೋಡಿದರು. ಅಧ್ಯಕ್ಷ ಕ್ರಾಬ್ಟ್ರೀ, 'ಬಿಡಮ್ಮಾ, ಪಾಪ, ಬೇಕೂಂತ ಮುಟ್ಟಿದ್ದಲ್ಲ' ಅಂದರು. ಲೀಸ್ಕ್, 'ಪಾಪ ಯಾರು? ಇಲ್ಲಿ ಆಡ್ತಿರೋರು ಇಬ್ಬರೇ, ಇಬ್ಬರಲ್ಲಿ ಯಾರೂ ಪಾಪ ಅಲ್ಲ' ಅಂದರು. ಆಮೇಲೆ ಎದುರಾಳಿಗೆ, 'ಮುಟ್ಟಿದ್ದೀರಿ. ನಡೆಸಿ' ಅಂದರು.

"ಮಿಜ್ಲಿ ನಡೆಸಿದರು. ಮೆಳ್ಳೆಗಣ್ಣಿನ ಹಡಗು ತನ್ನ ಉದ್ದದಷ್ಟು ಮುಂದೆ ಬಂತು, ಸಾಲಿನಲ್ಲಿ ಬಾಗಿಲು ತೆರೆಯಿತು. ಲೀಸ್ಕ್ ಐದು ಹಲಗೆಗಳನ್ನು ಆ ಸಂದಿಯಲ್ಲಿ ತೂರಿಸಿ, ತಿರುಗಿಸಿ, ಗ್ರೀಕರನ್ನು ಹಿಂದಿನಿಂದ ಗುದ್ದಿದರು. ಹದಿನಾಲ್ಕನೆಯ ಸರದಿಗೆ ಮುಗಿಯಿತು. ಮೆಳ್ಳೆಗಣ್ಣಿನ ಹಡಗು ಸೆರೆಸಿಕ್ಕಿತು. ಗೆದ್ದವರು: ಪರ್ಶಿಯನ್ನರು."

ವರದಿ ಇಷ್ಟು. ಅದರಲ್ಲಿ ಬರೆಯದೆ ಬಿಟ್ಟದ್ದು ಒಂದಿದೆ. "ನಡೆಸಿ" ಅಂದಾಗ ಇಡೀ ಸಭಾಭವನ ನನ್ನನ್ನು ರಾಕ್ಷಸಿಯ ಹಾಗೆ ನೋಡುತ್ತಿತ್ತು. ಆಗ ನಿಮ್ಮ ಮುಖ ನೋಡಿದೆ. ನೀವು ನಗುತ್ತಿದ್ದಿರಿ, ಅದಕ್ಕೇ ಧೈರ್ಯವಾಗಿ ನುಗ್ಗಿದೆ.

ಸೆರೆಯಾಳು ಕ್ಯಾರವಾನಿನ ಕಿಟಕಿಯಲ್ಲಿದೆ. ಒಂದು ಕಣ್ಣಲ್ಲಿ ಬಂದರು ಕಾಯುತ್ತಿದೆ, ಇನ್ನೊಂದರಲ್ಲಿ ನನ್ನ ಸಾರು. ಹೋದ ವಾರ ಲೌರಿ ಬಂದು, "ಇದೇನಾ ಆ ಹಡಗು? ಕಣ್ಣು ಸರಿಯಿಲ್ವಲ್ಲೇ" ಅಂತ ಕೈ ಚಾಚಿದ. "ಮುಟ್ಟಿದ್ರೆ ನಡೆಯಬೇಕಾಗುತ್ತೆ, ನೀನು" ಅಂದೆ. ಅರ್ಥವಾಗಲಿಲ್ಲ, ಆದರೆ ಕೈ ಹಿಂದೆ ತೆಗೆದುಕೊಂಡ.

ಥೋರಾ

*

ಟಾಡ್‌ಮರ್ಡನ್
3 ಅಕ್ಟೋಬರ್ 1984

ಪ್ರಿಯ ಥೋರಾ,

ಇದು ಟೈಪ್ ಮಾಡಿದ್ದಲ್ಲ. ಒಂಬತ್ತು ತಿಂಗಳ ಮೇಲೆ ಪೆನ್ನು ತೆಗೆದಿದ್ದೇನೆ. ಸಾಲು ಬೆಟ್ಟ ಹತ್ತಿ ಇಳಿಯುತ್ತಿದೆ, ಮಸಿ ಅಲ್ಲಲ್ಲಿ ಚೆಲ್ಲಿದೆ. ಹಾಗೇ ಓದಿಕೊಳ್ಳಿ.

ವರದಿಯಲ್ಲಿ ಒಂದು ತಪ್ಪಿದೆ. ನೀವು ಕಳೆದುಕೊಂಡದ್ದು ಆರಲ್ಲ, ಏಳು ಹಲಗೆ. ಏಳನೆಯದನ್ನು ಮುಳುಗಿಸಿದ್ದು ಮೆಳ್ಳೆಗಣ್ಣು, ಅದರ ಹೆಸರು ಹಾಕಿ ತಿದ್ದಿದ್ದೇನೆ. ಉಳಿದದ್ದೆಲ್ಲ ಅಕ್ಷರಶಃ ನಿಜ.

ನೀವು ರೈಲಿಗೆ ಹೊರಟ ಮೇಲೆ ನಾನು ಹಡಗು ಕಟ್ಟಿಡುತ್ತಿದ್ದಾಗ ಕ್ರಾಬ್ಟ್ರೀ ಎರಡು ಕಪ್ ಚಹಾ ಹಿಡಿದು ಬಂದ. "ಆ ಹೆಂಗಸಿಗೆ ಸ್ವಲ್ಪಾನೂ ಕರುಣೆ ಇಲ್ವಲ್ಲ ಎನಾಕ್" ಅಂದ.

"ಇಲ್ಲ" ಅಂದೆ. "ನನ್ನ ಪುಣ್ಯ."

ಅವನು ಅಭ್ಯಾಸದಂತೆ ನನ್ನ ಕಪ್ಪನ್ನು ತಾನೇ ಹಿಡಿದು ನನ್ನ ಬಾಯಿಯ ಹತ್ತಿರ ತಂದ. ನಾನು ಅವನನ್ನೇ ದಿಟ್ಟಿಸಿದೆ. ಅವನು ಕಪ್ಪನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದ. ನಾನೇ ಎತ್ತಿ ಕುಡಿದೆ. ಅರ್ಧ ಅಂಗಿಯ ಮೇಲೆ ಚೆಲ್ಲಿತು, ಅರ್ಧ ಬಹಳ ರುಚಿಯಾಗಿತ್ತು.

ಮುಂದಿನ ಸಲ ಪರ್ಶಿಯನ್ನರು ನನಗೆ. ಜನವರಿಯಲ್ಲಿ ನಾನೇ ದೋಣಿ ಹತ್ತುತ್ತೇನೆ. ನಿಮ್ಮ ಮಡಚುವ ಮೇಜಿನ ಮೇಲೆ ಹಿಡಿಸುವಷ್ಟು ಹಡಗು ತರುತ್ತೇನೆ, ಬಾಗಿಲು ತೆರೆಯದಿದ್ದರೆ ಕಿಟಕಿಯಿಂದ ಒಳಗೆ ಬರುತ್ತೇನೆ. ನನ್ನ ಹಡಗನ್ನು ಗೆದ್ದೇ ವಾಪಸು ತೆಗೆದುಕೊಳ್ಳುತ್ತೇನೆ, ಕೊಟ್ಟರೆ ಮುಟ್ಟುವುದಿಲ್ಲ.

ವರದಿಯ ಕೆಳಗೆ ಸಹಿ ಹಾಕಿದ್ದೇನೆ. ಅದು ನನ್ನ ಕೈಯದೇ. ಕ್ರಾಬ್ಟ್ರೀ ಓದಲು ಬರುವುದಿಲ್ಲ ಎಂದರೆ ಕನ್ನಡಕ ಹಾಕಿಕೊಳ್ಳಲು ಹೇಳಿ, ಮತ್ತೊಮ್ಮೆ ಸಹಿ ಹಾಕಿಕೊಡುವುದಿಲ್ಲ.

ಸೋತವನು,
ಎನಾಕ್ ಮಿಜ್ಲಿ